ಕೊಪ್ಪದ ಮನೆಗೆ ನಕ್ಷೆ ಬರೆಯುವವರು ಯಾರು?

ಮುರ್ಡೇಶ್ವರಕ್ಕೆ ಹೋದವರು ಅಲ್ಲಿನ 20 ಅಂತಸ್ತಿನ ರಾಜಗೋಪುರವನ್ನು ಲಿಫ್ಟಿನಲ್ಲಿ ಏರಿ ಸಮುದ್ರ ನೋಡಿ ಬರುವುದು ವಾಡಿಕೆ. 2008ರಲ್ಲಿ ಲೋಕಾರ್ಪಣೆಯಾದ ಈ ಗೋಪುರದ ಮೇಲೆ ನಿಂತು ಪಡುವಣಕ್ಕೆ ಮುಖ ಮಾಡದವರಿಲ್ಲ. ಮೂಡಣಕ್ಕೆ ತಿರುಗುವವರು ಕಡಿಮೆ. ಅತ್ತ ತೆಂಗಿನ ತೋಟ, ಗದ್ದೆ ಬಯಲು, ಹೆದ್ದಾರಿ, ಕೊಂಕಣ ರೈಲಿನ ಹಳಿ, ಅವುಗಳಾಚೆ ಸಹ್ಯಾದ್ರಿಯ ತಪ್ಪಲು. ಗದ್ದೆ ಮುಗಿದು ಗುಡ್ಡ ಏಳುವ ಆ ಅಂಚಿನಲ್ಲೇ ಈ ಕರಾವಳಿಯ ಹಳೆಯ ಒಕ್ಕಲುಗಳ ಮನೆಗಳಿವೆ. ಭಟ್ಕಳದ ಕಡೆ ಗೊಂಡರ ಕೇರಿಗಳು. ಉತ್ತರಕ್ಕೆ ಸಾಗಿದಂತೆ ಹೊನ್ನಾವರ, ಕುಮಟಾ, ಅಂಕೋಲಾ ತಾಲ್ಲೂಕುಗಳಲ್ಲಿ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳು.

ಬಡವರಿಗೆ ಮನೆ ಕಟ್ಟಿಸಿಕೊಡುವ ಯೋಜನೆಗಳು ಈ ಅಂಚನ್ನು ಮುಟ್ಟಿಲ್ಲವೆಂದಲ್ಲ. 1985ರಲ್ಲಿ ಇಂದಿರಾ ಆವಾಸ್ ಯೋಜನೆ ಬಂತು. ತೊಂಬತ್ತರ ದಶಕದ ಆರಂಭದಲ್ಲಿ ರಾಜ್ಯದ ಆಶ್ರಯ ಯೋಜನೆ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂದವು. ಹೆಸರುಗಳು ಬದಲಾದವು, ಹಣದ ಮೊತ್ತವೂ ಏರಿತು. ಆದರೆ ಒಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ: ಮನೆ ಹೇಗಿರಬೇಕು, ಎಲ್ಲಿರಬೇಕು ಎಂದು ಅದರಲ್ಲಿ ಬಾಳುವವರನ್ನು ಕೇಳಿದವರು ಯಾರು?

ಅಂಗಳವೂ ಮನೆಯೇ

ಹಾಲಕ್ಕಿಗಳ ಕೊಪ್ಪವೆಂದರೆ ಮನೆಗಳು ಒತ್ತೊತ್ತಾಗಿ ಕೂಡಿರುವ ಕೇರಿ. ಊರ ಗೌಡ, ಅವನಿಗೆ ನೆರವಾಗುವ ಬುದವಂತ, ಸುದ್ದಿ ಮುಟ್ಟಿಸುವ ಕೋಲಕಾರ – ಇವರನ್ನೊಳಗೊಂಡ ಊರಾಡಳಿತದ ಏರ್ಪಾಟು ನಿಂತದ್ದು ಈ ಒತ್ತಿನ ಬಾಳುವೆಯ ಮೇಲೆಯೇ. ಹಳೆಯ ಮನೆಯ ಗೋಡೆ ಮಣ್ಣಿನದು. ಮಾಡಿಗೆ ಬೇಣದ ಹುಲ್ಲು ಅಥವಾ ಹೆಣೆದ ತೆಂಗಿನ ಗರಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಶೇಡಿಯ ಬಿಳಿ ಚಿತ್ತಾರ. ಮುಂದೆ ಜಗುಲಿ, ಸೆಗಣಿ ಸಾರಿಸಿದ ಅಂಗಳ, ತುಳಸಿ ಕಟ್ಟೆ. ಪಕ್ಕದಲ್ಲಿ ಕೊಟ್ಟಿಗೆ, ಹುಲ್ಲಿನ ರಾಶಿ, ಮಳೆಗಾಲಕ್ಕೆ ಕೂಡಿಟ್ಟ ಕಟ್ಟಿಗೆ.

ಇವುಗಳಲ್ಲಿ ಗೋಡೆಯೊಳಗಿನ ಭಾಗ ಎಷ್ಟು, ಹೊರಗಿನದೆಷ್ಟು ಎಂದು ಲೆಕ್ಕ ಹಾಕಿದರೆ ಮನೆಯ ಹೆಚ್ಚಿನ ಪಾಲು ಹೊರಗೇ ಇರುವುದು ತಿಳಿಯುತ್ತದೆ. ಭತ್ತ ಬಡಿಯುವುದು, ಒಣಗಿಸುವುದು ಅಂಗಳದಲ್ಲಿ. ಮದುವೆಯ ಚಪ್ಪರ ಏಳುವುದು ಅಲ್ಲಿಯೇ. ಹೋಳಿಯ ಹೊತ್ತಿಗೆ ತಲೆಗೆ ತುರಾಯಿ ಕಟ್ಟಿದ ಸುಗ್ಗಿ ಕುಣಿತದ ಮೇಳ ಬಂದು ಕುಣಿಯುವುದೂ ಅಂಗಳದಲ್ಲೇ. 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ತೀರಿಕೊಂಡ ಅಂಕೋಲೆಯ ಸುಕ್ರಿ ಬೊಮ್ಮಗೌಡರು ನೆನಪಿನಲ್ಲಿ ಉಳಿಸಿಕೊಂಡಿದ್ದ ಹಾಡುಗಳ ಭಂಡಾರವೂ ದುಡಿಮೆ ಮತ್ತು ಮದುವೆಗಳ ಸುತ್ತ ಬೆಳೆದದ್ದು. ಕೂಡಿ ಕೂರಲು, ಕೂಡಿ ಕೆಲಸ ಮಾಡಲು ಜಾಗವಿಲ್ಲದ ಕಡೆ ಅಂಥ ಹಾಡು ಬಾಯಿಂದ ಬಾಯಿಗೆ ದಾಟುವುದು ಕಷ್ಟ.

ಹಾಗೆಂದು ಹುಲ್ಲಿನ ಮನೆಯನ್ನು ಹೊಗಳುತ್ತ ಕೂರುವುದು ಪಟ್ಟಣದವರ ಚಪಲವಷ್ಟೆ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುವ ನಾಡಿನಲ್ಲಿ ಮಣ್ಣಿನ ಗೋಡೆಯನ್ನು ಕಾಯುವುದು ಸುಲಭವಲ್ಲ. ಮಾಡಿಗೆ ಪದೇಪದೇ ಹೊಸ ಹೊದಿಕೆ ಬೇಕು; ಗೆದ್ದಲಿನ ಕಾಟ, ಬೆಂಕಿಯ ಭಯ ಬೇರೆ. ಹುಲ್ಲು ಕೊಯ್ಯುವ ಬೇಣಗಳೂ ಕಡಿಮೆಯಾಗಿವೆ. ಗಟ್ಟಿ ಮನೆ, ಹತ್ತಿರದಲ್ಲೇ ಶೌಚಾಲಯ, ಸೋರದ ಮಾಡು ಬೇಕೆಂಬುದು ಕೊಪ್ಪದವರದೇ ಬಯಕೆ. ಚಿರೆಕಲ್ಲಿನ ಗೋಡೆಯೂ ಮಂಗಳೂರು ಹಂಚೂ ಅವರಿಗೆ ಹೊಸತೇನಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ ಇಡೀ ಕರಾವಳಿಯ ಮಾಡುಗಳನ್ನೇ ಬದಲಿಸಿತು. ತಕರಾರು ಇರುವುದು ಹೊಸ ಮನೆ ಯಾರ ಲೆಕ್ಕಾಚಾರದಲ್ಲಿ ಹುಟ್ಟುತ್ತದೆ ಎಂಬುದರ ಬಗ್ಗೆ.

25 ಚದರ ಮೀಟರಿನ ಲೆಕ್ಕ

ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆ, ಅಡುಗೆಯ ಜಾಗವೂ ಸೇರಿ, ಕನಿಷ್ಠ 25 ಚದರ ಮೀಟರ್ ಇರಬೇಕು – ಅಂದರೆ ಸುಮಾರು 270 ಚದರ ಅಡಿ. ಬಯಲು ಪ್ರದೇಶಕ್ಕೆ ಕೇಂದ್ರ ಯೋಜನೆಯಡಿ 2016ರಲ್ಲಿ ಗೊತ್ತುಪಡಿಸಿದ ನೆರವು 1.20 ಲಕ್ಷ ರೂಪಾಯಿ. ಈ ಮೊತ್ತದೊಳಗೆ ಮನೆ ಮುಗಿಸಬೇಕಾದವರು ಮೊದಲು ಬಿಡುವುದು ಏನನ್ನು? ಜಗುಲಿಯನ್ನು, ಕೊಟ್ಟಿಗೆಯನ್ನು, ಕಟ್ಟಿಗೆ ಇಡುವ ಚಾಚುಮಾಡನ್ನು. ಉಳಿಯುವುದು ಒಂದು ಪೆಟ್ಟಿಗೆ. ಚಪ್ಪಟೆ ತಾರಸಿಯಾದರೆ ಮಳೆಗಾಲದಲ್ಲಿ ಸೋರಿಕೆ, ಬೇಸಿಗೆಯಲ್ಲಿ ಕಾವು. ಈ ಕರಾವಳಿಯಲ್ಲಿ ತಾರಸಿಯ ಮೇಲೆ ಮತ್ತೊಂದು ಇಳಿಜಾರು ಮಾಡು ಕಟ್ಟಿಕೊಂಡ ಮನೆಗಳನ್ನು ಯಾರೂ ನೋಡಬಹುದು. ಮೊದಲೇ ಕೇಳಿದ್ದರೆ ಒಂದೇ ಮಾಡಿನ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ಕೆಲಸವದು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಯೋಜನೆಯ ನಿಯಮ ಇಷ್ಟು ಬಿಗಿಯಾಗಿಲ್ಲ. ಫಲಾನುಭವಿಯೇ ಮನೆ ಕಟ್ಟಿಸಿಕೊಳ್ಳಬೇಕು, ಗುತ್ತಿಗೆದಾರರು ನಡುವೆ ಬರಕೂಡದು, ಪ್ರದೇಶಕ್ಕೆ ಹೊಂದುವ ಹಲವು ವಿನ್ಯಾಸಗಳನ್ನು ಮುಂದಿಟ್ಟು ಆಯ್ಕೆಗೆ ಬಿಡಬೇಕು ಎಂದೇ ಅದು ಹೇಳುತ್ತದೆ. ಆದರೆ ಒಬ್ಬ ಫಲಾನುಭವಿ, ಒಂದು ಮನೆ, ಒಂದು ಕಂತು ಎಂಬ ಕ್ರಮದಲ್ಲಿ ಕೊಪ್ಪವೆಂಬ ಕೂಡುವಾಸಕ್ಕೆ ಜಾಗವಿಲ್ಲ. ಬಾವಿ, ದಾರಿ, ನೀರು ಹರಿದುಹೋಗುವ ಚರಂಡಿ, ಎಲ್ಲರ ಅಂಗಳಗಳು ಕೂಡುವ ಬಯಲು – ಇವು ಯಾವೊಬ್ಬ ಫಲಾನುಭವಿಯ ಅರ್ಜಿಯಲ್ಲೂ ಬರುವುದಿಲ್ಲ.

ಕೂಡುವಾಸ ಕದಲಿದರೆ ಏನಾಗುತ್ತದೆಂಬುದು ಈ ಜಿಲ್ಲೆಗೆ ಗೊತ್ತಿರುವ ಸಂಗತಿ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಪರಿಹಾರದ ವ್ಯಾಜ್ಯ ದಶಕಗಳ ಕಾಲ ನಡೆಯಿತು. ಕಳೆದುಹೋದ ಗದ್ದೆಗೆ, ಮನೆಗೆ ಬೆಲೆ ಕಟ್ಟಬಹುದು. ನೆರೆಹೊರೆಗೆ ಬೆಲೆ ಕಟ್ಟುವ ನಮೂನೆ ಯಾವ ಕಚೇರಿಯಲ್ಲೂ ಇಲ್ಲ.

ಹಿಮದ ನಾಡಿನಲ್ಲಿ, ಮರಳುಗಾಡಿನಲ್ಲಿ

ಕೇಳದೆ ಕಟ್ಟುವ ತಪ್ಪನ್ನು ನಾವು ಮಾತ್ರ ಮಾಡಿದವರಲ್ಲ. ಲೋಕದ ಎರಡು ಮೂಲೆಗಳ ಅನುಭವವನ್ನು ಇಲ್ಲಿ ನೆನೆಯಬಹುದು.

ಕೆನಡಾದ ತೀರ ಉತ್ತರದ ಹಿಮಪ್ರದೇಶದಲ್ಲಿ ಇನ್ಯೂಟ್ ಜನ ಬೇಟೆಯ ಕಾಲಕ್ಕೆ ತಕ್ಕಂತೆ ಹಿಮದ ಮನೆ, ತೊಗಲಿನ ಗುಡಾರಗಳಲ್ಲಿ ಬಾಳುತ್ತಿದ್ದವರು. 1950ರ ದಶಕದ ಕೊನೆಯಿಂದ ಅಲ್ಲಿನ ಸರ್ಕಾರ ಅವರನ್ನು ಒಂದೆಡೆ ನೆಲೆ ನಿಲ್ಲಿಸಲು ದಕ್ಷಿಣದಲ್ಲಿ ತಯಾರಾದ ಸಿದ್ಧ ಮನೆಗಳನ್ನು ಹಡಗಿನಲ್ಲಿ ಕಳಿಸಿತು. ಅವು ಎಷ್ಟು ಚಿಕ್ಕವಾಗಿದ್ದವೆಂದರೆ ಅವುಗಳಿಗೆ 'ಬೆಂಕಿಪೊಟ್ಟಣ' ಎಂಬ ಹೆಸರೇ ಬಿತ್ತು. ಬೇಟೆಯಾಡಿ ತಂದ ಸೀಲ್ ಪ್ರಾಣಿಯನ್ನು ನೆಲದ ಮೇಲೆ ಹರಡಿ, ಸುತ್ತ ಕೂತು, ಹಂಚಿಕೊಂಡು ಉಣ್ಣುವ ಜನಕ್ಕೆ ಅದಕ್ಕೆ ಬೇಕಾದ ಜಾಗವೇ ಅಲ್ಲಿರಲಿಲ್ಲ. ಇಕ್ಕಟ್ಟು, ಸೋಂಕು ರೋಗಗಳು ಮುಂದಿನ ತಲೆಮಾರುಗಳನ್ನೂ ಕಾಡಿದವು. 2019ರಲ್ಲಿ ಇನ್ಯೂಟ್ ಸಂಘಟನೆಗಳೂ ಕೆನಡಾ ಸರ್ಕಾರವೂ ಕೂಡಿ ಇನ್ಯೂಟ್ ನೆಲಕ್ಕೆಂದೇ ಒಂದು ವಸತಿ ನೀತಿಯನ್ನು ಪ್ರಕಟಿಸಿದವು. ವಸತಿಯ ತೀರ್ಮಾನಗಳಲ್ಲಿ ಆ ಜನರ ಕೈ ಮೇಲಿರಬೇಕು ಎಂಬುದು ಅದರ ತಿರುಳು. ಈ ಮಾತಿಗೆ ಬರಲು ಅರವತ್ತು ವರ್ಷ ಬೇಕಾಯಿತು.

ಹಾಗಾದರೆ ಸಿಮೆಂಟು, ಕಾರ್ಖಾನೆ ಹಲಗೆಗಳನ್ನು ಬಿಟ್ಟು ಮಣ್ಣಿನಲ್ಲಿ ಕಟ್ಟಿದರೆ ಸರಿಹೋದೀತೆ? ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿ 1940ರ ದಶಕದಲ್ಲಿ ಲಕ್ಸರ್ ಬಳಿ ನ್ಯೂ ಗುರ್ನಾ ಎಂಬ ಊರನ್ನು ಕಟ್ಟತೊಡಗಿದರು. ಹಸಿ ಇಟ್ಟಿಗೆ, ಮಣ್ಣಿನ ಗುಮ್ಮಟ, ತಂಪಾದ ಅಂಗಳ – ಎಲ್ಲವೂ ದೇಶೀಯ, ಎಲ್ಲವೂ ಸುಂದರ. ಆದರೆ ಪುರಾತನ ಸಮಾಧಿಗಳ ಮೇಲೆ ಮನೆ ಮಾಡಿಕೊಂಡಿದ್ದ ಗುರ್ನಾದ ಜನರನ್ನು ಅಲ್ಲಿಂದ ಎಬ್ಬಿಸಬೇಕೆಂಬುದು ಸರ್ಕಾರದ ತೀರ್ಮಾನವಾಗಿತ್ತು. ಅವರ ಜೀವನೋಪಾಯ ಹಳೆಯ ಜಾಗದಲ್ಲೇ ಇತ್ತು. ಬಹುತೇಕರು ಹೊಸ ಊರಿಗೆ ಬರಲಿಲ್ಲ. ಅತ್ತ ಹಲಗೆಯ ಮನೆ, ಇತ್ತ ಮಣ್ಣಿನ ಮನೆ. ಎರಡೂ ಕಡೆ ಎಡವಿದ್ದು ಒಂದೇ ಮೆಟ್ಟಿಲಲ್ಲಿ.

ನೆಲದ ಕಾಗದ

ಮತ್ತೆ ನಮ್ಮ ಕರಾವಳಿಗೆ ಬರೋಣ. ಇಲ್ಲಿ ನಕ್ಷೆಗಿಂತ ಮುಂಚೆ ಎದುರಾಗುವುದು ನೆಲದ ಪ್ರಶ್ನೆ. ಅನುದಾನ ಬೇಕಾದರೆ ನಿವೇಶನ ಬೇಕು, ನಿವೇಶನಕ್ಕೆ ದಾಖಲೆ ಬೇಕು. ಉತ್ತರ ಕನ್ನಡದ ಬಹುಪಾಲು ನೆಲ ಅರಣ್ಯದ ಲೆಕ್ಕದಲ್ಲಿದೆ. ಗುಡ್ಡದ ಅಂಚಿನ ಎಷ್ಟೋ ಮನೆಗಳು ತಲೆಮಾರುಗಳಿಂದ ಅಲ್ಲೇ ಇದ್ದರೂ ಕಾಗದದಲ್ಲಿ ಅವು ಒತ್ತುವರಿ.

2006ರ ಅರಣ್ಯ ಹಕ್ಕು ಕಾಯ್ದೆ ಇದಕ್ಕೊಂದು ದಾರಿ ತೋರಿಸಿತು. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅರಣ್ಯಭೂಮಿಯಲ್ಲಿ ವಾಸವಿದ್ದವರಿಗೆ ವಾಸದ ಹಕ್ಕನ್ನೂ ಕೊಡಬಹುದೆಂದು ಅದು ಹೇಳುತ್ತದೆ. ಆದರೆ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ಆಶ್ರಯಿಸಿ ಅಲ್ಲಿ ನೆಲೆಸಿದ್ದುದನ್ನು ತೋರಿಸಬೇಕು. ಗೊಂಡರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳೂ ಅದಕ್ಕೆ ಸೇರಿದರು. ತಮ್ಮನ್ನೂ ಸೇರಿಸಬೇಕೆಂಬ ಹಾಲಕ್ಕಿಗಳ ಬೇಡಿಕೆ ದಶಕಗಳಿಂದ ಕಾಯುತ್ತಲೇ ಇದೆ. ಒಂದೇ ಗುಡ್ಡದ ಎರಡು ಮಗ್ಗುಲಿನ ಎರಡು ಮನೆಗಳಿಗೆ ಹೀಗೆ ಎರಡು ಬಗೆಯ ಪುರಾವೆ ಬೇಕಾಗುತ್ತದೆ. ಓದುಬರಹ ಇಲ್ಲದಿದ್ದ ಅಜ್ಜ ಅಜ್ಜಿಯರು 1930ರ ಕಾಗದವನ್ನು ಜೋಪಾನ ಮಾಡಿಟ್ಟಿರುವರೆಂದು ನಿರೀಕ್ಷಿಸುವುದು ಹೇಗೆ?

ಆದರೂ ಕಾಯ್ದೆಯ ನಿಯಮಗಳಲ್ಲಿ ಒಂದು ಕಿಂಡಿಯಿದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ. ಹಳೆಯ ಬಾವಿ, ಮಸಣ, ದೇವರ ನೆಲೆಯೂ ಪುರಾವೆ. ಅರ್ಜಿ ಮೊದಲು ಬರುವುದು ಗ್ರಾಮಸಭೆಯ ಮುಂದೆ. ಕೊಪ್ಪದ ನೆನಪೇ ಕೊಪ್ಪದ ದಾಖಲೆಯಾಗುವ ಅವಕಾಶವಿದು.

ಗುಡ್ಡ ಜಾರಿದಾಗ

ಎಲ್ಲಿ ಕಟ್ಟಬೇಕು ಎಂಬುದು ಈಚೆಗೆ ಸಾವು ಬದುಕಿನ ಪ್ರಶ್ನೆಯಾಗಿದೆ. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದೇ ರಾತ್ರಿ ಸುರಿದ ಅಪಾರ ಮಳೆಗೆ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಮನೆಯೊಂದರಲ್ಲಿದ್ದ ನಾಲ್ವರು ಸತ್ತರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿತು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು.

ಕೈಯಲ್ಲಿ ಕಾಗದವಿಲ್ಲದವನು ಸಿಕ್ಕ ಜಾಗದಲ್ಲಿ ಕಟ್ಟುತ್ತಾನೆ. ಗುಡ್ಡವನ್ನು ನೇರವಾಗಿ ಕಡಿದು, ಮಟ್ಟ ಮಾಡಿ, ಕಡಿದ ಧರೆಗೆ ಬೆನ್ನು ಕೊಟ್ಟು ಮನೆ ಎಬ್ಬಿಸುತ್ತಾನೆ. ಯಾವ ಧರೆಯಲ್ಲಿ ಮಳೆಗಾಲದಲ್ಲಿ ಹೊಸ ಒರತೆ ಏಳುತ್ತದೆ, ಹಳ್ಳ ಹಿಂದೆ ಎಲ್ಲಿ ಹರಿಯುತ್ತಿತ್ತು ಎಂಬ ತಿಳಿವಳಿಕೆ ಊರ ಹಿರಿಯರಲ್ಲಿ ಇರುತ್ತದೆ. ಮಣ್ಣಿನ ಸ್ಥಿತಿ ಅಳೆಯುವ ವಿದ್ಯೆ ಭೂವಿಜ್ಞಾನಿಗಳಲ್ಲಿದೆ. ಇವರಿಬ್ಬರೂ ಒಂದೇ ಗುಡ್ಡವನ್ನು ಒಟ್ಟಿಗೆ ನಡೆದು ನೋಡಿದ ಮೇಲೆ ನಿವೇಶನ ಗುರುತಿಸಿದರೆ ಆಗುವ ನಷ್ಟವೇನು?

ಕೇಳುವುದು ಎಂದರೆ

ಕೇಳುವುದೆಂದರೆ ಸಭೆ ಕರೆದು ಸಹಿ ಹಾಕಿಸಿಕೊಳ್ಳುವುದಲ್ಲ. ಕೆಲವು ಪ್ರಶ್ನೆಗಳನ್ನು ನಕ್ಷೆಗೆ ಮುಂಚೆ ಇಡಬೇಕು. ಮಳೆ ಯಾವ ದಿಕ್ಕಿನಿಂದ ಇರಚುತ್ತದೆ? ದನ ಎಲ್ಲಿ, ಕಟ್ಟಿಗೆ ಎಲ್ಲಿ? ಮಗನಿಗೆ ಮದುವೆಯಾದರೆ ಹೊಸ ಕೋಣೆ ಯಾವ ಕಡೆ ಬೆಳೆಯಬೇಕು? ಒಂದೇ ಸಲಕ್ಕೆ ಪೂರ್ತಿ ಮನೆ ಸಾಧ್ಯವಿಲ್ಲದಿದ್ದರೆ ಅಡಿಪಾಯ, ಮಾಡು, ಶೌಚಾಲಯ ಮೊದಲು ಗಟ್ಟಿಯಾಗಿ ಬರಲಿ, ಉಳಿದದ್ದು ನಿಧಾನವಾಗಿ ಸೇರಲಿ ಎಂಬ ಆಯ್ಕೆಯೂ ಇರಬೇಕು.

ಯಾರನ್ನು ಕೇಳಬೇಕು ಎಂಬುದೂ ಮುಖ್ಯ. ಗೌಡ, ಬುದವಂತರ ಮಾತಿಗೆ ಕೊಪ್ಪದಲ್ಲಿ ತೂಕವಿದೆ, ಅದನ್ನು ಬದಿಗಿಡಲಾಗದು. ಆದರೆ ಆ ಸ್ಥಾನಗಳು ಗಂಡಸರವು. ನೀರು ಹೊರುವವಳು, ಒಲೆಯ ಮುಂದೆ ಕೂರುವವಳು, ಕತ್ತಲಲ್ಲಿ ಹೊರಗೆ ಹೋಗಬೇಕಾದವಳು ಹೆಂಗಸು. ಅವಳನ್ನು ಬೇರೆಯಾಗಿ, ಅವಳ ಅಡುಗೆಮನೆಯಲ್ಲೇ ಕೂತು ಕೇಳದೆ ಬರೆದ ನಕ್ಷೆ ಅರ್ಧ ನಕ್ಷೆ.

2023ರಲ್ಲಿ ಆರಂಭವಾದ ಪಿ.ಎಂ. ಜನಮನ್ ಯೋಜನೆಯಡಿ ಕರ್ನಾಟಕದ ಕೊರಗರಿಗೆ ಮತ್ತು ಜೇನುಕುರುಬರಿಗೆ ಹೆಚ್ಚಿನ ವಸತಿ ನೆರವು ದೊರೆಯುತ್ತಿದೆ. ಹಣ ಹೆಚ್ಚಾಗುವುದು ಒಳ್ಳೆಯದೇ. ಆದರೆ ಬುಟ್ಟಿ ಹೆಣೆಯುವ ಕೊರಗರ ಮನೆಗೆ ಬಳ್ಳಿ, ಬಿದಿರು ಹರಡಲು ಜಾಗ ಬೇಕು ಎಂಬುದನ್ನು ಹಣ ತಾನಾಗಿ ಹೇಳಿಕೊಡುವುದಿಲ್ಲ. ಹೆಣೆಯುವವರು ಹೇಳಬೇಕು, ಕಟ್ಟುವವರು ಕೇಳಬೇಕು.

ಮುಂದಿನ ಸಲ ಮುರ್ಡೇಶ್ವರದ ಗೋಪುರ ಏರಿದಾಗ ಸಮುದ್ರವನ್ನು ಕಣ್ತುಂಬ ನೋಡಿದ ಮೇಲೆ ಒಮ್ಮೆ ಮೂಡಣಕ್ಕೂ ತಿರುಗಿ. ಗದ್ದೆಯಂಚಿನ ಹಸಿರಿನ ನಡುವೆ ಹಂಚು, ತಗಡು, ತಾರಸಿಗಳು ಬೆರೆತು ಕಾಣುತ್ತವೆ. ಅವುಗಳಲ್ಲಿ ಎಷ್ಟರ ಮುಂದೆ ಭತ್ತ ಒಣಗಿಸುವಷ್ಟು ಅಂಗಳ ಉಳಿದಿದೆ ಎಂಬುದನ್ನು ಮೇಲಿನಿಂದ ಎಣಿಸುವುದು ಕಷ್ಟ. ಅದಕ್ಕೆ ಕೆಳಗಿಳಿದು, ಗದ್ದೆಯ ಹಾಳಿ ಹಿಡಿದು, ಕೊಪ್ಪದವರೆಗೆ ನಡೆದೇ ಹೋಗಬೇಕು.