ಈಜುಗಾರರ ದಮ್ಮು: ಅರ್ಧ ಕೊಳದಲ್ಲಿ, ಅರ್ಧ ಮನೆಯಲ್ಲಿ

'ಡಾಕ್ಟ್ರೇ, ಮೊದಲ ನೂರು ಮೀಟರ್‌ನಲ್ಲಿ ಎಲ್ಲರಿಗಿಂತ ಮುಂದೆ ಇರ್ತಾನೆ. ಮುನ್ನೂರಕ್ಕೆ ಬರೋ ಹೊತ್ತಿಗೆ ಕೈ ಸೋತುಹೋಗುತ್ತೆ. ಸ್ಟ್ಯಾಮಿನಾ ಬರೋಕೆ ಒಂದು ಟಾನಿಕ್ ಬರೆದುಕೊಡಿ.' ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ಕಡೆಯ ವೈದ್ಯರಿಗೆ ಈ ಮಾತು ಹೊಸದಲ್ಲ. ಬೇಸಿಗೆ ಶಿಬಿರಕ್ಕೆ ಸೇರಿದ ಮಕ್ಕಳಲ್ಲಿ ಕೆಲವರು ಸ್ಪರ್ಧೆಗೆ ಇಳಿಯುತ್ತಾರೆ. 50 ಮೀಟರ್‌ನಲ್ಲಿ ಪದಕ ಬಂದ ಮೇಲೆ 200, 400 ಮೀಟರ್‌ಗೆ ಹೆಸರು ಕೊಡುತ್ತಾರೆ. ದಮ್ಮಿನ ಪ್ರಶ್ನೆ ಏಳುವುದು ಅಲ್ಲಿಂದಲೇ.

ಈ ಸ್ಪರ್ಧೆಗಳಿಗೂ ನಮ್ಮ ಊರಿಗೂ ನಂಟಿದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ನಿಶಾ ಮಿಲೆಟ್ ಮತ್ತು ಹಕೀಮುದ್ದೀನ್ ಹಬೀಬುಲ್ಲಾ ಇಬ್ಬರೂ ಈಜಿದ್ದು 200 ಮೀಟರ್ ಫ್ರೀಸ್ಟೈಲ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದೇ ದೂರವನ್ನು ಈಜಿದವಳು ಬೆಂಗಳೂರಿನ ಧಿನಿಧಿ ದೇಸಿಂಗು. ಆಗ ಅವಳಿಗೆ 14 ವರ್ಷ. ತೆಗೆದುಕೊಂಡ ಸಮಯ ಸುಮಾರು 2 ನಿಮಿಷ 7 ಸೆಕೆಂಡು. ಅವಳು ಅಭ್ಯಾಸ ಮಾಡಿದ್ದು ಯಲಹಂಕದಾಚೆಯ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದ ಕೊಳದಲ್ಲಿ. ಅಲ್ಲಿ ಡಾಲ್ಫಿನ್ ಅಕ್ವಾಟಿಕ್ಸ್ ನಡೆಸುವ ನಿಹಾರ್ ಅಮೀನ್ 2015ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದವರು. ಇಂಥವರನ್ನು ಕಂಡು ನಮ್ಮ ಮಕ್ಕಳಿಗೂ ಆಸೆ ಹುಟ್ಟುವುದು ಸಹಜ. ಆದರೆ ಅಂಥ ದಮ್ಮು ವರ್ಷಗಟ್ಟಲೆ ಕಟ್ಟಿದ್ದು. ಅದನ್ನು ಕಟ್ಟುವುದು ಹೇಗೆ, ಮನೆಯವರು ಯಾವ ಕಡೆ ಗಮನ ಕೊಡಬೇಕು ಎಂಬುದನ್ನು ಈ ವಾರ ನೋಡೋಣ.

ದಮ್ಮು ಎಂದರೇನು?

ಸ್ನಾಯುಗಳಿಗೆ ಶಕ್ತಿ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಆಮ್ಲಜನಕದ ನೆರವಿಲ್ಲದೆ ತಕ್ಷಣ ಸಿಗುವ ಶಕ್ತಿ. ಇದು ಬಲು ರಭಸದ್ದು, ಆದರೆ ಬೇಗ ಮುಗಿಯುತ್ತದೆ. ಇನ್ನೊಂದು, ಆಮ್ಲಜನಕ ಬಳಸಿ ಸಕ್ಕರೆ ಮತ್ತು ಕೊಬ್ಬನ್ನು ಉರಿಸಿ ಪಡೆಯುವ ಶಕ್ತಿ. ಇದು ನಿಧಾನ, ಆದರೆ ಬಹಳ ಹೊತ್ತು ಬರುತ್ತದೆ. 50 ಮೀಟರ್ ಓಟದಂಥ ಈಜಿಗೆ ಮೊದಲ ದಾರಿ ಸಾಕು. 200 ಮೀಟರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಎರಡನೆಯ ದಾರಿಯಿಂದ ಬರಬೇಕು. 400 ಮೀಟರ್‌ನಲ್ಲಿ ಈ ಪಾಲು ಇನ್ನೂ ಹೆಚ್ಚು. 50 ಮೀಟರ್ ಕೊಳವನ್ನು 30 ಸಲ ದಾಟಬೇಕಾದ 1500 ಮೀಟರ್‌ನಲ್ಲಂತೂ ಬಹುಪಾಲು ಅದೇ.

ಆದ್ದರಿಂದ ದಮ್ಮು ಎಂದರೆ ಬರೀ ಶ್ವಾಸಕೋಶದ ವಿಷಯವಲ್ಲ. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ನೂಕುತ್ತದೆ, ಆ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ, ಸ್ನಾಯುವಿನೊಳಗೆ ಸಣ್ಣ ರಕ್ತನಾಳಗಳು ಎಷ್ಟು ಹಬ್ಬಿವೆ, ಜೀವಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾಗಳು ಎಷ್ಟಿವೆ ಎಂಬೆಲ್ಲವೂ ಸೇರಿ ದಮ್ಮು ಆಗುತ್ತದೆ. ಇವು ತಿಂಗಳುಗಟ್ಟಲೆಯ ಅಭ್ಯಾಸದಿಂದ ಬೆಳೆಯುತ್ತವೆ. ಯಾವ ಬಾಟಲಿಯಲ್ಲೂ ಸಿಗುವುದಿಲ್ಲ.

ಬೆಂಗಳೂರು ಎತ್ತರದಲ್ಲಿದೆಯಲ್ಲ, ಇಲ್ಲಿ ಈಜಿದರೆ ತಾನಾಗಿಯೇ ದಮ್ಮು ಬರುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕ್ರೀಡಾಪಟುಗಳು ಎತ್ತರದ ತರಬೇತಿಗೆ ಹೋಗುವುದು ಸುಮಾರು 2000 ಮೀಟರ್ ಮೇಲಿನ ಜಾಗಗಳಿಗೆ. ನಮ್ಮ ಎತ್ತರ ಹವೆಗೆ ಒಳ್ಳೆಯದು, ಅಷ್ಟೇ.

ನಿಧಾನವೇ ಪ್ರಧಾನ

ದಿನವೂ ಮಗುವನ್ನು ಸುಸ್ತಾಗಿ ಬೀಳುವಂತೆ ಈಜಿಸಿದರೆ ದಮ್ಮು ಬರುತ್ತದೆ ಎಂಬುದು ತಪ್ಪು ಕಲ್ಪನೆ. ವಾರದ ಈಜಿನಲ್ಲಿ ಹೆಚ್ಚಿನ ಪಾಲು ಸಲೀಸಾದ ವೇಗದಲ್ಲಿರಬೇಕು. ಅಂದರೆ ದಡ ಮುಟ್ಟಿದ ಕೂಡಲೇ ಒಂದು ಪೂರ್ತಿ ವಾಕ್ಯ ಮಾತನಾಡಲು ಆಗಬೇಕು. ವಾರಕ್ಕೆ ಎರಡು ದಿನ 'ಕಷ್ಟ, ಆದರೂ ತಡೆದುಕೊಳ್ಳಬಲ್ಲೆ' ಎನ್ನುವ ವೇಗ. ಒಂದು ದಿನ ಸ್ವಲ್ಪ ಹೊತ್ತು ಪೂರ್ಣ ರಭಸ. ಒಂದು ದಿನ ಪೂರ್ತಿ ವಿಶ್ರಾಂತಿ. ಈಜುವ ದೂರವನ್ನು ಹೆಚ್ಚಿಸುವಾಗ ವಾರಕ್ಕೆ ನೂರಕ್ಕೆ ಹತ್ತರಷ್ಟು ಮೀರದಿದ್ದರೆ ಒಳ್ಳೆಯದು.

ಆ ಮಧ್ಯದ ವೇಗ ಎಷ್ಟೆಂದು ತಿಳಿಯಲು ಒಂದು ಸರಳ ಲೆಕ್ಕವಿದೆ. ಚೆನ್ನಾಗಿ ವಿಶ್ರಾಂತಿ ಪಡೆದ ದಿನ ಮಗು 400 ಮೀಟರನ್ನು ತನ್ನ ಶಕ್ತಿಯಿದ್ದಷ್ಟು ವೇಗವಾಗಿ ಈಜಲಿ. ಪೂರ್ತಿ ಸುಧಾರಿಸಿಕೊಂಡ ಮೇಲೆ 200 ಮೀಟರ್ ಈಜಲಿ. 400ಕ್ಕೆ 6 ನಿಮಿಷ, ಅಂದರೆ 360 ಸೆಕೆಂಡು; 200ಕ್ಕೆ 2 ನಿಮಿಷ 50 ಸೆಕೆಂಡು, ಅಂದರೆ 170 ಸೆಕೆಂಡು ಆಯಿತು ಎನ್ನಿ. ವ್ಯತ್ಯಾಸ 190 ಸೆಕೆಂಡು. ಅದರ ಅರ್ಧ 95. ಅಂದರೆ ಈ ಮಗು ಬಹಳ ಹೊತ್ತು ಕಾಪಾಡಿಕೊಳ್ಳಬಲ್ಲ ವೇಗ 100 ಮೀಟರ್‌ಗೆ 1 ನಿಮಿಷ 35 ಸೆಕೆಂಡು. ಈ ವೇಗದಲ್ಲಿ ನೂರು ನೂರು ಮೀಟರ್‌ಗಳನ್ನು ಎಂಟು ಹತ್ತು ಸಲ, ನಡುವೆ 15ರಿಂದ 20 ಸೆಕೆಂಡು ಬಿಡುವು ಕೊಟ್ಟು ಈಜುವುದು ಒಳ್ಳೆಯ ಅಭ್ಯಾಸ. ಆರೆಂಟು ವಾರಕ್ಕೊಮ್ಮೆ ಮತ್ತೆ ಅಳೆದರೆ ದಮ್ಮು ಬೆಳೆದಿದೆಯೇ ಎಂಬುದು ಗೊತ್ತಾಗುತ್ತದೆ. ಅಭ್ಯಾಸದ ವಿವರ ಗೊತ್ತುಮಾಡುವುದು ತರಬೇತುದಾರರ ಕೆಲಸ. ಗ್ಯಾಲರಿಯಿಂದ 'ಇನ್ನೂ ಜೋರು!' ಎಂದು ಕೂಗುವುದು ನಮ್ಮ ಕೆಲಸವಲ್ಲ.

ಇನ್ನೊಂದು ಮಾತು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ತಲೆ ಎತ್ತಿ, ಸೊಂಟ ಇಳಿಸಿ ಈಜುವವರ ಶಕ್ತಿ ನೀರನ್ನು ತಳ್ಳುವುದರಲ್ಲೇ ಹೋಗುತ್ತದೆ. ಒಂದು ಸಲ ಕೊಳ ದಾಟಲು ಎಷ್ಟು ಸಲ ಕೈ ಬೀಸುತ್ತಾರೆ ಎಂದು ಎಣಿಸಿ. 400 ಮೀಟರ್‌ನ ಮೊದಲ ಸುತ್ತಿಗೆ 40, ಕೊನೆಯ ಸುತ್ತಿಗೆ 52 ಆದರೆ ದಣಿವಿನೊಂದಿಗೆ ಶೈಲಿಯೂ ಕೆಟ್ಟಿದೆ ಎಂದರ್ಥ. ಮೊದಲ ನೂರು ಮೀಟರನ್ನು ತಡೆದು ಈಜುವುದನ್ನು ಕಲಿತರೆ ಎಷ್ಟೋ ಮಕ್ಕಳ 'ಸ್ಟ್ಯಾಮಿನಾ ಕೊರತೆ' ಅಲ್ಲಿಗೇ ವಾಸಿ.

ರಕ್ತ ಪರೀಕ್ಷೆ ಮರೆಯಬೇಡಿ

ಇಷ್ಟೆಲ್ಲ ಸರಿಯಿದ್ದೂ ಸಮಯ ಹಿಂದೆ ಬೀಳುತ್ತಿದ್ದರೆ? ಯಲಹಂಕದ 14 ವರ್ಷದ ಹುಡುಗಿಯೊಬ್ಬಳನ್ನು ತಾಯಿ ಕರೆತಂದಿದ್ದರು. 400 ಮೀಟರ್‌ನಲ್ಲಿ ಆರು ತಿಂಗಳ ಹಿಂದಿಗಿಂತ 20 ಸೆಕೆಂಡು ನಿಧಾನ. 'ಇವಳಿಗೆ ಮನಸ್ಸಿಲ್ಲ, ಸೋಮಾರಿತನ' ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಎರಡು ಡಬ್ಬ ದುಬಾರಿ ಪುಡಿ ಖಾಲಿಯಾಗಿತ್ತು. ಈಜು ಬಿಡಿಸುವ ಮಾತೂ ನಡೆದಿತ್ತು. ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 9.2 ಗ್ರಾಂ. ಆ ವಯಸ್ಸಿನ ಹುಡುಗಿಯರಿಗೆ ಕನಿಷ್ಠ 12 ಇರಬೇಕು. ಕಬ್ಬಿಣದ ಮಾತ್ರೆ, ಜಂತುಹುಳುವಿನ ಔಷಧಿ, ಊಟದಲ್ಲಿ ಬದಲಾವಣೆ, ಇಷ್ಟೇ ಚಿಕಿತ್ಸೆ. ನಾಲ್ಕು ತಿಂಗಳಲ್ಲಿ ಹಳೆಯ ಸಮಯಕ್ಕೆ ಮರಳಿದಳು. ಅವಳಲ್ಲಿ ಸೋಮಾರಿತನ ಇರಲೇ ಇಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಆದ್ದರಿಂದ ಸ್ಪರ್ಧೆಗೆ ಇಳಿಯುವ ಮಕ್ಕಳಿಗೆ, ಅದರಲ್ಲೂ ಮುಟ್ಟು ಆರಂಭವಾದ ಹುಡುಗಿಯರಿಗೆ, ವರ್ಷಕ್ಕೊಮ್ಮೆಯಾದರೂ ಹಿಮೋಗ್ಲೋಬಿನ್ ಮತ್ತು ಸಾಧ್ಯವಾದರೆ ಫೆರಿಟಿನ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಸರಿಯಾದ ಮಟ್ಟಕ್ಕೆ ಬಂದ ಮೇಲೂ ವೈದ್ಯರು ಹೇಳಿದಷ್ಟು ತಿಂಗಳು ಮಾತ್ರೆ ಮುಂದುವರಿಸಬೇಕು. ಪರೀಕ್ಷೆಯಿಲ್ಲದೆ ನೀವೇ ಕಬ್ಬಿಣದ ಮಾತ್ರೆ ಕೊಡುವುದೂ ಸರಿಯಲ್ಲ.

ಹುಡುಗಿಯರಿಗೆ ಮೂರು ತಿಂಗಳು ಮುಟ್ಟು ನಿಂತರೆ, ಅಥವಾ 15 ತುಂಬಿದರೂ ಆರಂಭವಾಗದಿದ್ದರೆ, 'ಈಜುವುದರಿಂದ ಹಾಗೆ' ಎಂದು ಬಿಡಬೇಡಿ. ಖರ್ಚಾಗುವಷ್ಟು ಊಟ ಸೇರುತ್ತಿಲ್ಲ ಎಂಬುದಕ್ಕೆ ಅದು ಸೂಚನೆಯಾಗಿರಬಹುದು. ಮೂಳೆಗಳೂ ಸವೆಯುತ್ತವೆ.

ಉಬ್ಬಸವೂ ಕೆಮ್ಮಿನ ಸಿರಪ್ಪೂ

ಬೆಂಗಳೂರಿನ ಧೂಳು, ಪರಾಗ, ಡಿಸೆಂಬರ್-ಜನವರಿಯ ಚಳಿಗಾಳಿ, ಜೊತೆಗೆ ಕೊಳದ ಮೇಲಿನ ಕ್ಲೋರಿನ್ ಘಾಟು ಸೇರಿ ಕೆಲವು ಮಕ್ಕಳಿಗೆ ಈಜುವಾಗ ಅಥವಾ ಈಜಿದ ಹತ್ತು ನಿಮಿಷಕ್ಕೆ ಕೆಮ್ಮು, ಎದೆ ಬಿಗಿತ ಬರುತ್ತದೆ. ಇದನ್ನು ದಮ್ಮಿಲ್ಲವೆಂದು ತಪ್ಪು ತಿಳಿಯುವುದುಂಟು. ಊದಿಸಿ ನೋಡುವ ಪರೀಕ್ಷೆಯಿಂದ ಕಂಡುಹಿಡಿದು ಇನ್‌ಹೇಲರ್ ಕೊಟ್ಟರೆ ಇಂಥ ಮಕ್ಕಳು ಎಲ್ಲರಂತೆ ಈಜಬಲ್ಲರು. ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆ ಎಂಬ ಭಯ ಬೇಡ.

ಆದರೆ ಎಚ್ಚರ. ನಮ್ಮ ಅಂಗಡಿಗಳಲ್ಲಿ ಮಾರುವ ಹಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬುಟಲಿನ್ ಇರುತ್ತದೆ. ಇದು ಉದ್ದೀಪನ ಮದ್ದುಗಳ ನಿಷೇಧಿತ ಪಟ್ಟಿಯಲ್ಲಿದೆ. ಸಾಲ್ಬುಟಮಾಲ್ ಇನ್‌ಹೇಲರ್‌ಗೆ ಮಿತಿಯೊಳಗೆ ಅನುಮತಿಯಿದೆ. ಅದೇ ಔಷಧಿಯನ್ನು ಮಾತ್ರೆ, ಸಿರಪ್ ರೂಪದಲ್ಲಿ ತೆಗೆದುಕೊಳ್ಳುವಂತಿಲ್ಲ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಈಜುವ ಮಗುವಾದರೆ ಪ್ರತಿಯೊಬ್ಬ ವೈದ್ಯರಿಗೂ ಮೊದಲೇ ಹೇಳಿ. ಅಂಗಡಿಯವರನ್ನು ಕೇಳಿ ಸಿರಪ್ ತರಬೇಡಿ. ಲೇಬಲ್‌ನಲ್ಲಿ ಎಲ್ಲವನ್ನೂ ಬರೆಯದ 'ಶಕ್ತಿವರ್ಧಕ' ಪುಡಿಗಳ ಅಪಾಯವೂ ಇಂಥದೇ.

ಊಟ ಮತ್ತು ನಿದ್ರೆ

ಬೆಳಗಿನ ಐದೂವರೆಗೆ ನೀರಿಗಿಳಿಯುವ ಮಗು ಬರೀ ಹೊಟ್ಟೆಯಲ್ಲಿ ಹೋಗಬಾರದು. ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು ಅಥವಾ ಎರಡು ಖರ್ಜೂರ ಸಾಕು. ಈಜು ಮುಗಿದ ಅರ್ಧ-ಮುಕ್ಕಾಲು ಗಂಟೆಯೊಳಗೆ ಒಳ್ಳೆಯ ತಿಂಡಿ ಆಗಬೇಕು: ಇಡ್ಲಿ-ಸಾಂಬಾರ್, ಮೊಟ್ಟೆ, ತರಕಾರಿ ಉಪ್ಪಿಟ್ಟು, ಕಡಲೆಬೀಜ, ಹಾಲು. ಶಾಲೆಯ ಡಬ್ಬಿಯಲ್ಲಿ ಮೊಸರನ್ನ, ಚಪಾತಿ-ಪಲ್ಯ, ಹೆಸರುಕಾಳು ಉಸಲಿ. ರಾತ್ರಿ ಮುದ್ದೆ-ಸೊಪ್ಪಿನ ಸಾರು ಇದ್ದರೆ ಬಲು ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಸೊಪ್ಪು, ಕಾಳಿನ ಜೊತೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣದಂಶ ಚೆನ್ನಾಗಿ ಸೇರುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಸೇರುವುದಿಲ್ಲ.

ನೀರಿನಲ್ಲಿದ್ದರೂ ಮೈ ಬೆವರುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 8 ಟೀ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು ಹಾಕಿ ದಡದಲ್ಲಿಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಯಲಿ.

13ರಿಂದ 18 ವರ್ಷದ ಮಕ್ಕಳಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಯಶವಂತಪುರದಿಂದ ಯಲಹಂಕಕ್ಕೆ ಬೆಳಗ್ಗೆ ಈಜಲು ಹೋಗಿ, ಶಾಲೆ ಮುಗಿಸಿ, ಸಂಜೆ ಹೆಬ್ಬಾಳದ ಟ್ರಾಫಿಕ್ ದಾಟಿ, ಟ್ಯೂಷನ್‌ಗೂ ಹೋಗಿ ಹನ್ನೊಂದಕ್ಕೆ ಮಲಗುವ ಮಗುವಿಗೆ ದಮ್ಮು ಎಲ್ಲಿಂದ ಬರಬೇಕು? ಸ್ನಾಯು, ರಕ್ತನಾಳಗಳು ಬಲಗೊಳ್ಳುವುದು ನಿದ್ರೆಯಲ್ಲಿ. ಒಂದನ್ನು ಕಡಿಮೆ ಮಾಡಲೇಬೇಕಾದರೆ ನಿದ್ರೆಯನ್ನು ಮಾಡಬೇಡಿ. ವಾರದಲ್ಲಿ ಎರಡು ಬೆಳಗಿನ ಅಭ್ಯಾಸ ಬಿಡಿಸಿ. ಬೆಳಗ್ಗೆ ಏಳುವ ಮೊದಲೇ ನಾಡಿ ಎಣಿಸುವ ರೂಢಿಯೂ ಒಳ್ಳೆಯದು. ಎಂದಿಗಿಂತ ಎಂಟು ಹತ್ತು ಬಡಿತ ಹೆಚ್ಚು ಎಂದು ಎರಡು ಮೂರು ದಿನ ಕಂಡರೆ ಮೈ ದಣಿದಿದೆ ಅಥವಾ ಜ್ವರ ಬರುವುದಿದೆ ಎಂದು ತಿಳಿದು ವಿಶ್ರಾಂತಿ ಕೊಡಿ.

ಇವನ್ನು ಕಡೆಗಣಿಸಬೇಡಿ

ದಿನಕ್ಕೆ 5 ಕಿಲೋಮೀಟರ್ ಈಜುವ ಮಗುವಿನ ಒಂದೊಂದು ಭುಜ ಸುಮಾರು ಎರಡು ಸಾವಿರ ಸಲ ತಿರುಗುತ್ತದೆ. ಈಜಿದ ಮೇಲೂ ಉಳಿಯುವ, ರಾತ್ರಿ ಎಬ್ಬಿಸುವ ಭುಜನೋವನ್ನು ಎಣ್ಣೆ ತಿಕ್ಕಿ ಮರೆಸಬೇಡಿ. ದೂರ ಕಡಿಮೆ ಮಾಡಿ ತೋರಿಸಿ.

ದಮ್ಮು ಬೆಳೆಸಲು ನೀರಿನಡಿ ಉಸಿರು ಕಟ್ಟುವ ಪಂದ್ಯ ಮಕ್ಕಳಲ್ಲಿ ಸಾಮಾನ್ಯ. ಇದು ಪ್ರಾಣಾಪಾಯದ ಆಟ. ಜೋರಾಗಿ ಉಸಿರಾಡಿ ಮುಳುಗಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ಸೂಚನೆಯೇ ಬರುವುದಿಲ್ಲ. ಮಗು ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಎಷ್ಟೇ ಚೆನ್ನಾಗಿ ಈಜುವವರಾದರೂ ಒಂಟಿಯಾಗಿ ಈಜಬಾರದು. 2010ರಲ್ಲಿ ಯುಎಇಯ ಫುಜೈರಾದಲ್ಲಿ ಬಿಸಿ ಸಮುದ್ರದಲ್ಲಿ ನಡೆದ 10 ಕಿಲೋಮೀಟರ್ ಸ್ಪರ್ಧೆಯಲ್ಲಿ ಅಮೆರಿಕದ ನುರಿತ ಈಜುಗಾರ ಫ್ರಾನ್ ಕ್ರಿಪೆನ್ ತೀರಿಕೊಂಡರು. ದಮ್ಮಿದ್ದವರಿಗೂ ದೇಹದ ಮಿತಿ ಇದ್ದೇ ಇದೆ.

ಈಜುವಾಗ ತಲೆಸುತ್ತಿ ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ, ಅಥವಾ ನಿಮ್ಮ ಮನೆತನದಲ್ಲಿ ಐವತ್ತರೊಳಗೆ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದರೆ ಇಸಿಜಿ ಮತ್ತು ಹೃದಯ ತಪಾಸಣೆ ಆಗುವವರೆಗೆ ನೀರಿಗಿಳಿಸಬೇಡಿ. ಹೃದಯದ ಲಯದ ಕೆಲವು ಹುಟ್ಟು ದೋಷಗಳು ಈಜುವಾಗಲೇ ಮೊದಲು ಹೊರಬೀಳುತ್ತವೆ. ಜ್ವರ ಬಂದು ಹೋದ ಮೇಲೂ ಅವಸರ ಬೇಡ. ಡೆಂಗಿ ಆಗಿದ್ದರೆ ವೈದ್ಯರು ಒಪ್ಪಿದ ಮೇಲೆಯೇ ಅಭ್ಯಾಸ.

ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ದಮ್ಮಿಗೆ ಚೆನ್ನಾಗಿ ಒಪ್ಪುತ್ತದೆ. ಹನ್ನೆರಡನೇ ವಯಸ್ಸಿನ ಪದಕ ಹದಿನೆಂಟಕ್ಕೆ ನೆನಪಿರುವುದಿಲ್ಲ. ಹನ್ನೆರಡರಲ್ಲಿ ಕೆಡಿಸಿದ ಭುಜ ನೆನಪಿರುತ್ತದೆ. ಪುಡಿ ಡಬ್ಬಕ್ಕೆ ಎತ್ತಿಟ್ಟ ಹಣದಲ್ಲಿ ಈ ವಾರ ಒಂದು ರಕ್ತ ಪರೀಕ್ಷೆ ಮಾಡಿಸಿ. ಉಳಿದ ಹಣಕ್ಕೆ ರಾಗಿ, ಹಾಲು, ಮೊಟ್ಟೆ ತನ್ನಿ. ರಾತ್ರಿ ಒಂಬತ್ತಕ್ಕೆ ಮನೆಯ ಟಿ.ವಿ., ಮೊಬೈಲ್ ಎರಡನ್ನೂ ಆರಿಸಿ, ಮಗುವನ್ನು ಮಲಗಲು ಬಿಡಿ.