ಗೈರುಹಾಜರಿಗೆ ಎಷ್ಟು ಅಂಕ?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಐದನೇ ಸೆಮಿಸ್ಟರಿನ ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣೆಯ) ಲ್ಯಾಬ್ ಚೆನ್ನಾಗಿ ನೆನಪಿರುತ್ತದೆ. ಅಲ್ಲಿದ್ದದ್ದು ಐದು ಡೇಟಾಬೇಸ್: ಗ್ರಂಥಾಲಯ, ಮಾರಾಟದ ಆರ್ಡರು, ಸಿನಿಮಾ, ಕಾಲೇಜು, ಕಂಪನಿ. ಒಂದರಲ್ಲಿ ಸ್ಪೀಲ್‌ಬರ್ಗ್ ನಿರ್ದೇಶಿಸಿದ ಚಿತ್ರಗಳಿಗೆಲ್ಲ ರೇಟಿಂಗ್ 5 ಕೊಡಬೇಕು. ಇನ್ನೊಂದರಲ್ಲಿ ಬೆಂಗಳೂರಿನ ಸರಾಸರಿಗಿಂತ ಮೇಲಿನ ಗ್ರೇಡಿನ ಗ್ರಾಹಕರು ಎಷ್ಟು ಮಂದಿ ಎಂದು ಎಣಿಸಬೇಕು. ಗ್ರಂಥಾಲಯದ ಪ್ರಶ್ನೆಯಂತೂ ಪ್ರಸಿದ್ಧ: 2017ರ ಜನವರಿಯಿಂದ ಜೂನ್‌ವರೆಗೆ ಮೂರಕ್ಕಿಂತ ಹೆಚ್ಚು ಪುಸ್ತಕ ಒಯ್ದವರು ಯಾರು?

ಕೌಂಟರಿನಲ್ಲಿ ಕೂತ ಗ್ರಂಥಪಾಲಕರಿಗೆ ಇದು ಲೆಡ್ಜರು ತಿರುವಿ ಎಣಿಸುವ ಕೆಲಸ. ವಿದ್ಯಾರ್ಥಿಗೆ ಎಸ್‌ಕ್ಯುಎಲ್ ಭಾಷೆಯಲ್ಲಿ ನಾಲ್ಕೈದು ಸಾಲು. ಆದರೆ ಬಹಳ ಮಂದಿ ಎಡವುವುದು ಇಲ್ಲೇ. ತಾರೀಕಿನ ಷರತ್ತನ್ನು 'ವೇರ್' ಎಂಬ ಪದದ ಮುಂದೆ ಬರೆಯುತ್ತಾರೆ, ಸರಿ. ಮೂರಕ್ಕಿಂತ ಹೆಚ್ಚು ಎಂಬ ಷರತ್ತನ್ನೂ ಅಲ್ಲೇ ಸೇರಿಸುತ್ತಾರೆ, ಕಂಪ್ಯೂಟರ್ ತಪ್ಪು ಎನ್ನುತ್ತದೆ. ವೇರ್ ಒಂದೊಂದು ಸಾಲನ್ನು ಒಂಟಿಯಾಗಿ ನೋಡುವ ಜರಡಿ. ಒಬ್ಬ ಓದುಗ ಎಷ್ಟು ಪುಸ್ತಕ ಒಯ್ದಿದ್ದಾನೆ ಎಂಬುದು ಯಾವ ಒಂದು ಸಾಲಿನಲ್ಲೂ ಇಲ್ಲ. ಮೊದಲು ಕಾರ್ಡ್ ನಂಬರಿನ ಪ್ರಕಾರ ಸಾಲುಗಳನ್ನು ಗುಂಪು ಮಾಡಬೇಕು, ಆಮೇಲೆ ಗುಂಪುಗಳನ್ನು ಸೋಸಬೇಕು. ಆ ಎರಡನೇ ಜರಡಿಯ ಹೆಸರು 'ಹ್ಯಾವಿಂಗ್'. ಇಷ್ಟು ಅರ್ಥವಾದ ದಿನ ಅರ್ಧ ಎಸ್‌ಕ್ಯುಎಲ್ ಬಂದಂತೆಯೇ.

ಅದೇ ಗ್ರಂಥಾಲಯದ ಡೇಟಾಬೇಸಿನಲ್ಲಿ ಪುಸ್ತಕಗಳಿಗೆ ಒಂದು ಟೇಬಲ್ ಇದ್ದರೆ, ಅವುಗಳ ಲೇಖಕರಿಗೆ ಬೇರೆಯೇ ಟೇಬಲ್. ಯಾಕೆ ಹೀಗೆ? ಉತ್ತರ ಹಲವು ವಿದ್ಯಾರ್ಥಿಗಳ ಬ್ಯಾಗಿನಲ್ಲೇ ಇದೆ. ಜಗತ್ತಿನಾದ್ಯಂತ ಈ ವಿಷಯಕ್ಕೆ ಪಠ್ಯವಾಗಿರುವ 'ಡೇಟಾಬೇಸ್ ಸಿಸ್ಟಮ್ ಕಾನ್ಸೆಪ್ಟ್ಸ್' ಪುಸ್ತಕವನ್ನು ಬರೆದವರು ಮೂವರು: ಸಿಲ್ಬರ್‌ಶಾಟ್ಸ್, ಕಾರ್ತ್ ಮತ್ತು ಮುಂಬೈ ಐಐಟಿಯ ಎಸ್. ಸುದರ್ಶನ್. ಪುಸ್ತಕದ ಸಾಲಿನಲ್ಲೇ ಲೇಖಕರ ಹೆಸರಿಗೆ ಒಂದು ಜಾಗ ಇಟ್ಟರೆ ಉಳಿದಿಬ್ಬರನ್ನು ಎಲ್ಲಿ ಬರೆಯುವುದು? ಮೂರು ಜಾಗ ಇಟ್ಟರೆ ನಾಲ್ಕನೆಯವನು ಬಂದಾಗ ಏನು ಮಾಡುವುದು? ಪುಸ್ತಕದ ವಿವರವನ್ನೆಲ್ಲ ಮೂರು ಸಲ ಬರೆದರೆ, ಪ್ರಕಾಶಕರ ಹೆಸರು ತಿದ್ದುವಾಗ ಒಂದು ಕಡೆ ತಿದ್ದಿ ಎರಡು ಕಡೆ ಮರೆಯುವುದು ಖಂಡಿತ. ಬೇರೆ ಟೇಬಲ್ ಮಾಡಿ, ಪುಸ್ತಕದ ಸಂಖ್ಯೆಯಿಂದ ಎರಡನ್ನೂ ಜೋಡಿಸಿದರೆ ತೊಡಕೇ ಇಲ್ಲ. ಪಾಠದಲ್ಲಿ ಇದಕ್ಕೆ 'ನಾರ್ಮಲೈಸೇಶನ್' ಎಂಬ ಭಾರದ ಹೆಸರಿದೆ. ಪಾಲಾದ ಜಮೀನಿಗೆ ಒಂದೇ ಸರ್ವೆ ನಂಬರಿನಡಿ ಹಿಸ್ಸಾಗಳು ಹುಟ್ಟುವುದನ್ನು ಪಹಣಿಯಲ್ಲಿ ಕಂಡ ರೈತನಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಮಾಹಿತಿಯನ್ನು ಹೀಗೆ ಸರಳ ಟೇಬಲ್‌ಗಳಾಗಿ ನೋಡುವ ಗಣಿತವನ್ನು ಕೊಟ್ಟವರು ಎಡ್ಗರ್ ಕಾಡ್. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ವಿಮಾನ ಹಾರಿಸಿ, ಮುಂದೆ ಅಮೆರಿಕದಲ್ಲಿ ಐಬಿಎಂ ಸೇರಿದ ಈ ಗಣಿತಜ್ಞನ ಪ್ರಬಂಧ 1970ರಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ ಒಂದು ಮಾಹಿತಿ ಬೇಕೆಂದರೆ ಅದು ಎಲ್ಲಿದೆ, ಯಾವ ಕೊಂಡಿ ಹಿಡಿದು ಹೋದರೆ ಸಿಗುತ್ತದೆ ಎಂಬುದನ್ನು ಪ್ರೋಗ್ರಾಮರೇ ತಿಳಿದಿರಬೇಕಿತ್ತು. ಏನು ಬೇಕೆಂದಷ್ಟೇ ಹೇಳಿ, ಹುಡುಕುವ ದಾರಿ ಯಂತ್ರಕ್ಕೆ ಬಿಡಿ ಎಂಬುದು ಕಾಡ್ ಅವರ ನಿಲುವು. ಆ ನಿಲುವಿಗೆ ತಕ್ಕ ಭಾಷೆಯನ್ನು 1974ರಲ್ಲಿ ರೂಪಿಸಿದವರು ಅದೇ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್. ಆಗ ಇಟ್ಟ ಹೆಸರು ಸೀಕ್ವೆಲ್. ಆ ಹೆಸರು ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ ಅದು ಎಸ್‌ಕ್ಯುಎಲ್ ಆಯಿತು. ಕಾಡ್ ಅವರಿಗೆ 1981ರಲ್ಲಿ ಕಂಪ್ಯೂಟರ್ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿ ಬಂತು.

ದಾರಿ ಹುಡುಕುವುದು ಯಂತ್ರಕ್ಕೂ ಸುಲಭವಲ್ಲ. ಒಂದೇ ಪ್ರಶ್ನೆಗೆ ಡೇಟಾಬೇಸ್ ಯಾವಾಗ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಬಣ್ಣದ ನಕ್ಷೆಗಳಲ್ಲಿ ತೋರಿಸುವ 'ಪಿಕಾಸೊ' ಎಂಬ ಸಾಧನ ಸಿದ್ಧವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜಯಂತ್ ಹರಿತ್ಸ ಅವರ ಪ್ರಯೋಗಾಲಯದಲ್ಲಿ.

ಇನ್ನು ಕಾಲೇಜಿನ ಡೇಟಾಬೇಸಿಗೆ ಬರೋಣ. ಮೂರು ಕಿರುಪರೀಕ್ಷೆಗಳಲ್ಲಿ ಉತ್ತಮವಾದ ಎರಡರ ಸರಾಸರಿಯನ್ನು ಅಂತಿಮ ಅಂಕವಾಗಿ ತುಂಬಬೇಕು. ಮೂರನ್ನೂ ಕೂಡಿಸಿ, ಕಡಿಮೆಯದನ್ನು ಕಳೆದು, ಎರಡರಿಂದ ಭಾಗಿಸಿದರಾಯಿತು. ಒಬ್ಬ ಹುಡುಗಿಗೆ 18 ಮತ್ತು 16 ಬಂದಿದೆ, ಮೂರನೇ ಪರೀಕ್ಷೆಗೆ ಜ್ವರ ಬಂದು ಗೈರುಹಾಜರು. ಆ ಜಾಗದಲ್ಲಿ ಏನು ಬರೆಯಬೇಕು?

ಸೊನ್ನೆ ಬರೆದರೆ ಲೆಕ್ಕ ಸರಿಯಾಗಿ 17 ಬರುತ್ತದೆ. ಖಾಲಿ ಬಿಟ್ಟರೆ, ಅಂದರೆ 'ನಲ್' ಇಟ್ಟರೆ, ಉತ್ತರವೂ ಖಾಲಿ. ಗೊತ್ತಿಲ್ಲದ್ದನ್ನು ಗೊತ್ತಿರುವುದಕ್ಕೆ ಕೂಡಿಸಿದರೆ ಬರುವುದೂ ಗೊತ್ತಿಲ್ಲದ್ದೇ ಎಂಬುದು ಎಸ್‌ಕ್ಯುಎಲ್ ನಿಯಮ. ಹಾಗಾದರೆ ಸೊನ್ನೆಯೇ ಸರಿಯೆ? ಆ ಪರೀಕ್ಷೆ ಬರೆದ ಮೂವರಿಗೆ 14, 16, 18 ಬಂದಿದೆ ಎನ್ನಿ. ಸರಾಸರಿ 16. ಗೈರುಹಾಜರಾದವಳಿಗೆ ಸೊನ್ನೆ ಹಾಕಿದ್ದರೆ ಅದು 12ಕ್ಕೆ ಇಳಿಯುತ್ತದೆ, ನಲ್ ಇದ್ದರೆ 16 ಆಗಿಯೇ ಉಳಿಯುತ್ತದೆ. ಒಂದು ಲೆಕ್ಕಕ್ಕೆ ಸರಿಯಾದದ್ದು ಇನ್ನೊಂದಕ್ಕೆ ತಪ್ಪು. ಟೇಬಲ್‌ನಲ್ಲಿ ನಿಜವನ್ನೇ, ಅಂದರೆ ನಲ್ ಅನ್ನೇ ಇಟ್ಟು, ಅಂತಿಮ ಅಂಕ ಲೆಕ್ಕ ಹಾಕುವಾಗ ಮಾತ್ರ 'ಕೊಅಲೆಸ್' ಎಂಬ ಫಂಕ್ಷನ್ ಬಳಸಿ ಅದನ್ನು ಸೊನ್ನೆಯೆಂದು ಹಿಡಿಯುವುದು ಒಳ್ಳೆಯ ದಾರಿ. ಸಿಂಟ್ಯಾಕ್ಸ್ ಬಾಯಿಪಾಠ ಮಾಡಿದವನಿಗೆ ಇದು ಹೊಳೆಯುವುದಿಲ್ಲ. ಮಾಹಿತಿಯ ಹಿಂದೆ ಒಬ್ಬಳು ಹುಡುಗಿ ಇದ್ದಾಳೆ ಎಂದು ನೆನೆದವನಿಗೆ ಹೊಳೆಯುತ್ತದೆ.

ಡೇಟಾಬೇಸನ್ನು ಪ್ರಶ್ನೆ ಕೇಳುವುದಕ್ಕಿಂತ ಅದರ ಮಾಹಿತಿ ತಿದ್ದುವುದು ಅಪಾಯದ ಕೆಲಸ. ಸ್ಪೀಲ್‌ಬರ್ಗ್ ಚಿತ್ರಗಳ ರೇಟಿಂಗ್ ಬದಲಿಸುವ 'ಅಪ್‌ಡೇಟ್' ಆಜ್ಞೆಯಲ್ಲಿ ವೇರ್ ಸಾಲನ್ನು ಮರೆತರೆ ಹಿಚ್‌ಕಾಕ್ ಚಿತ್ರಗಳಿಗೂ 5 ಬಿದ್ದುಬಿಡುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ನಾವಾಗಿ ಬದಲಿಸದಿದ್ದರೆ ಪ್ರತಿ ಆಜ್ಞೆಯೂ ಕೂಡಲೇ ಕಾಯಂ ಆಗುತ್ತದೆ. ಮೊದಲೇ 'ಸ್ಟಾರ್ಟ್ ಟ್ರಾನ್ಸಾಕ್ಷನ್' ಎಂದಿದ್ದರೆ ಮಾತ್ರ 'ರೋಲ್‌ಬ್ಯಾಕ್' ಹೇಳಿ ಹಿಂದಿನ ಸ್ಥಿತಿಗೆ ಮರಳಬಹುದು. ಒಂದು ಖಾತೆಯಿಂದ ಐದು ಸಾವಿರ ಕಳೆದು, ಇನ್ನೊಂದಕ್ಕೆ ಸೇರಿಸುವ ಮುನ್ನ ಕರೆಂಟು ಹೋದರೂ ದುಡ್ಡು ನಡುವೆ ಮಾಯವಾಗದಂತೆ ಕಾಯುವುದೂ ಇದೇ ವ್ಯವಸ್ಥೆ. ಇದರ ಅಡಿಪಾಯ ಕಟ್ಟಿದವರಲ್ಲಿ ಪ್ರಮುಖರಾದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಲ್ಯಾಬಿನಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ಹೊರಗೆ ತಪ್ಪಿದರೆ ಜನರ ಬದುಕಿಗೆ ಪೆಟ್ಟು. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದ್ದು ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು. ಅಲ್ಲಿನ ಒಂದು ಸಾಲೆಂದರೆ ಒಂದು ಕುಟುಂಬದ ಹೊಲ.

ಇಷ್ಟು ಜೀವಂತವಾದ ವಿಷಯವನ್ನು ಎಷ್ಟೋ ಕಡೆ ಲ್ಯಾಬ್ ರೆಕಾರ್ಡಿಗೆ ನಕಲು ಮಾಡಿ ಮುಗಿಸುತ್ತಾರೆ. ಉತ್ತರಗಳು ಹಿರಿಯರ ಕೈಯಿಂದ ಕಿರಿಯರಿಗೆ ಸಿದ್ಧವಾಗಿ ಬರುತ್ತವೆ. ಪರೀಕ್ಷೆಯಲ್ಲಿ ಚೀಟಿ ಎತ್ತಿ, ನೆನಪಿದ್ದದ್ದನ್ನು ಟೈಪ್ ಮಾಡಿ, ವೈವಾದಲ್ಲಿ ಎರಡು ವ್ಯಾಖ್ಯೆ ಒಪ್ಪಿಸಿದರೆ ಸಾಕು. ತುಂಬುವ ಮಾಹಿತಿಯೂ ಕೈಪಿಡಿಯದ್ದೇ ಆದ್ದರಿಂದ ಎಲ್ಲ ಪ್ರಶ್ನೆಗೂ ಅಚ್ಚುಕಟ್ಟಾದ ಉತ್ತರ ಬರುತ್ತದೆ, ಯಾರಿಗೂ ಜ್ವರ ಬರುವುದಿಲ್ಲ. 2018ರ ಆ ಪಠ್ಯಕ್ರಮದಲ್ಲೇ ಇದ್ದ ಮಿನಿ ಪ್ರಾಜೆಕ್ಟ್ ಇದಕ್ಕಿಂತ ಎಷ್ಟೋ ಮೇಲು. ಊರಿನ ಹಾಲಿನ ಡೇರಿಯದ್ದೋ ಹಾಸ್ಟೆಲ್ ಮೆಸ್ಸಿನದ್ದೋ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಸ್ವತಃ ಟೇಬಲ್ ಕಟ್ಟಲು ಕೂತವರು ನಿಜವಾದ ಪ್ರಶ್ನೆಗಳನ್ನು ಎದುರಿಸುತ್ತಾರೆ. ಇದಕ್ಕೆ ದುಡ್ಡೂ ಬೇಕಿಲ್ಲ. ಪೋಸ್ಟ್‌ಗ್ರೆಸ್‌ಕ್ಯುಎಲ್, ಎಸ್‌ಕ್ಯುಎಲೈಟ್ ಎರಡೂ ಉಚಿತ.

ಮುಂದಿನ ಲ್ಯಾಬ್ ಪರೀಕ್ಷೆ ನಡೆಸುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ಚೀಟಿಯ ಜೊತೆಗೆ, ಮೂರನೇ ಪರೀಕ್ಷೆಗೆ ಬಾರದ ಒಬ್ಬ ವಿದ್ಯಾರ್ಥಿಯ ಸಾಲನ್ನೂ ಕೊಡಿ.