ಕುಂಡದಲ್ಲಿ ಶುಂಠಿಯ ಕೃಷಿ

ಹಾಸನ, ಕೊಡಗು, ಶಿವಮೊಗ್ಗ ಜಿಲ್ಲೆಗಳಲ್ಲಿ ಶುಂಠಿ ಬೆಳೆಯುವ ರೈತರು ಒಮ್ಮೆ ಬೆಳೆ ತೆಗೆದ ನೆಲದಲ್ಲಿ ಮರುವರ್ಷವೇ ಮತ್ತೆ ಶುಂಠಿಯನ್ನು ಊರಲು ಅಂಜುವುದಕ್ಕೂ, ಅನುಕೂಲವುಳ್ಳವರು ಪ್ರತಿವರ್ಷವೂ ಹೊಸ ಭೂಮಿಯನ್ನು ಗೇಣಿಗೆ ಹಿಡಿಯುವುದಕ್ಕೂ ಬಲವಾದ ಕಾರಣವುಂಟು. ಪಿಥಿಯಂ ಎಂಬ ಸೂಕ್ಷ್ಮಜೀವಿಯಿಂದ ಹುಟ್ಟುವ ಗೆಡ್ಡೆಕೊಳೆ ರೋಗವು ಮಣ್ಣಿನಲ್ಲಿಯೂ ಬಿತ್ತನೆಯ ಗೆಡ್ಡೆಯಲ್ಲಿಯೂ ಅಡಗಿದ್ದು, ಮಳೆಗಾಲದಲ್ಲಿ ನೀರು ನಿಂತೊಡನೆ ತಲೆಯೆತ್ತುತ್ತದೆ; ಎಲೆಗಳು ಹಳದಿಗೆ ತಿರುಗಿ, ಕಾಂಡದ ಬುಡ ನೀರು ಕುಡಿದಂತೆ ಮೆತ್ತಗಾಗಿ, ಮೆಲ್ಲನೆ ಹಿಡಿದೆಳೆದರೂ ಗಿಡ ಕಿತ್ತು ಕೈಗೆ ಬರುತ್ತದೆ. ವಿಸ್ತಾರವಾದ ಹೊಲದ ಮಣ್ಣನ್ನು ಬದಲಿಸುವುದು ಯಾರಿಂದಲೂ ಆಗದ ಕೆಲಸ. ಆದರೆ ಮನೆಯ ಮಹಡಿಯ ಮೇಲಿನ ಒಂದು ಕುಂಡದ ಮಣ್ಣನ್ನು ವರ್ಷಕ್ಕೊಮ್ಮೆ ಬದಲಿಸುವುದು ಅರ್ಧ ಗಂಟೆಯ ಕೆಲಸವಷ್ಟೆ. ಆದುದರಿಂದ ಕುಂಡದ ಕೃಷಿಯನ್ನು ಸ್ಥಳವಿಲ್ಲದವರ ಸಮಾಧಾನವೆಂದು ಎಣಿಸದೆ, ಈ ಒಂದು ಬೆಳೆಯ ಮಟ್ಟಿಗಾದರೂ ಹೊಲಕ್ಕಿಲ್ಲದ ಸೌಕರ್ಯ ಅದಕ್ಕುಂಟೆಂದು ತಿಳಿಯುವುದು ಯುಕ್ತ.

ಶುಂಠಿಯ ಗೆಡ್ಡೆ ಬೇರಲ್ಲ. ಭೂಮಿಯೊಳಗೆ ಅಡ್ಡಲಾಗಿ ಹಬ್ಬುವ ಕಾಂಡ. ಅದು ಆಳಕ್ಕಿಳಿಯುವುದಕ್ಕಿಂತ ಅಗಲಕ್ಕೆ ಚಾಚುವ ಸ್ವಭಾವದ್ದಾದುದರಿಂದ, ಒಂದು ಅಡಿ ಆಳವೂ ಒಂದೂವರೆ ಅಡಿ ಅಗಲವೂ ಇರುವ ಪಾತ್ರೆ ಶ್ರೇಷ್ಠ. ಅದು ಮಣ್ಣಿನ ಕುಂಡವಾಗಲಿ, ಹಳೆಯ ಪ್ಲಾಸ್ಟಿಕ್ ಟಬ್ ಆಗಲಿ, ಬಾಯಿ ಮಡಚಿದ ಸಿಮೆಂಟ್ ಚೀಲವಾಗಲಿ, ತಳದಲ್ಲಿ ಧಾರಾಳವಾಗಿ ರಂಧ್ರಗಳಿರಬೇಕು. ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಅಥವಾ ತೆಂಗಿನ ನಾರಿನ ಪುಡಿ, ಇವನ್ನು ಸಮಪ್ರಮಾಣದಲ್ಲಿ ಬೆರೆಸಿ ಒಂದು ಹಿಡಿ ಬೇವಿನ ಹಿಂಡಿಯನ್ನು ಕೂಡಿಸಿದರೆ ಸಾಕು. ಬೆಳೆ ತೆಗೆದ ಬಳಿಕ ಆ ಮಣ್ಣಿನಲ್ಲಿ ಶುಂಠಿ, ಅರಿಸಿನ, ಟೊಮೇಟೊ, ಬದನೆ, ಮೆಣಸಿನಕಾಯಿಗಳನ್ನು ಬಿಟ್ಟು ದಂಟು, ಮೆಂತ್ಯದಂಥ ಸೊಪ್ಪು ಬೆಳೆದುಕೊಳ್ಳಬಹುದು.

ಶುಂಠಿಗೆ ಬೀಜವೆಂಬುದು ಇಲ್ಲವೆಂದೇ ಹೇಳಬೇಕು. ಕಾಡಿನಲ್ಲಿ ತಾನಾಗಿ ಬೆಳೆದ ಶುಂಠಿಯೂ ಕಂಡುಬಂದಿಲ್ಲ. ಇಂದು ನಾವು ಊರುವ ತುಂಡು ಹಿಂದಿನ ವರ್ಷದ ಗೆಡ್ಡೆಯ ಅಂಶ, ಅದು ಅದರ ಹಿಂದಿನದರ ಅಂಶ. ಹೀಗೆ ಸಹಸ್ರಾರು ವರ್ಷಗಳಿಂದ ಮನುಷ್ಯನ ಕೈಯಿಂದ ಕೈಗೆ ದಾಟಿಕೊಂಡು ಬಂದ ಈ ಸಸ್ಯವನ್ನು ನೆಡುವಾಗ ತುಸು ಗೌರವವಿರಬೇಕೆಂದು ನನಗೆ ತೋರುತ್ತದೆ. ತೊಳೆದು ಹೊಳಪೇರಿಸಿದ ಗೆಡ್ಡೆಗಿಂತ, ಮಣ್ಣು ಮೆತ್ತಿದ, ಸುಕ್ಕಿಲ್ಲದ, ತುದಿಯಲ್ಲಿ ಉಬ್ಬಿದ ಕಣ್ಣುಗಳುಳ್ಳ ಗೆಡ್ಡೆಯನ್ನು ಆರಿಸಿ, ಎರಡೆರಡು ಕಣ್ಣುಗಳಿರುವಂತೆ 20–25 ಗ್ರಾಂ ತೂಕದ ತುಂಡುಗಳಾಗಿ ಮುರಿದು, ಗಾಯ ಒಣಗುವವರೆಗೆ ಒಂದೆರಡು ದಿನ ನೆರಳಿನಲ್ಲಿ ಹರಡಬೇಕು. ಭರಣಿ, ಕೃತ್ತಿಕಾ ಮಳೆಗಳ ಕಾಲದಲ್ಲಿ, ಎಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳೊಳಗೆ, ಕಣ್ಣು ಮೇಲಾಗಿ ಎರಡು ಅಂಗುಲ ಆಳದಲ್ಲಿ ಊರಿ, ಮೇಲೆ ತರಗೆಲೆಯನ್ನು ಹೊದಿಸಬೇಕು.

ಅನಂತರ ಬೇಕಾದುದು ತಾಳ್ಮೆ. ಮೊಳಕೆ ಹೊರಬೀಳಲು ಮೂರು ನಾಲ್ಕು ವಾರಗಳಾಗುವುದುಂಟು. ಆ ಅವಧಿಯಲ್ಲಿ ಆತುರಪಟ್ಟು ದಿನವೂ ನೀರು ಸುರಿಯುವುದರಿಂದಲೇ ಬಹುಪಾಲು ಕುಂಡಗಳ ಶುಂಠಿ ಮಣ್ಣಿನೊಳಗೇ ಕೊಳೆತುಹೋಗುತ್ತದೆ. ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ಬೆಳಗಿನ ಬಿಸಿಲೂ ಮಧ್ಯಾಹ್ನದ ನೆರಳೂ ಈ ಗಿಡಕ್ಕೆ ಹಿತ. ಶ್ರಾವಣದ ಹೊತ್ತಿಗೆ ಕಾಂಡಗಳ ಬುಡದಲ್ಲಿ, ಕೆನೆಬಣ್ಣದ ಮೈಗೆ ನಸುಗೆಂಪು ಪೊರೆ ಸುತ್ತಿಕೊಂಡ ಹೊಸ ಮೊಗ್ಗುಗಳು ಮಣ್ಣನ್ನು ಸೀಳಿ ಇಣುಕುತ್ತವೆ. ಅವು ಬಿಸಿಲಿಗೆ ಬಿದ್ದು ಹಸಿರಾಗದಂತೆ ಗೊಬ್ಬರ ಬೆರೆಸಿದ ಮಣ್ಣನ್ನು ಏರಿಸಬೇಕು. ಇದನ್ನೇ ತಿಂಗಳಿಗೊಮ್ಮೆ ಮಾಡುತ್ತಿದ್ದರೆ ಬೇರೆ ಉಪಚಾರ ಅಷ್ಟಾಗಿ ಬೇಡ.

ಆರನೆಯ ತಿಂಗಳಿನಿಂದ ಕುಂಡದ ಅಂಚಿನ ಮಣ್ಣನ್ನು ಬೆರಳಿನಿಂದ ಸರಿಸಿ, ಗಿಡವನ್ನು ಅಲುಗಿಸದೆ, ಆ ದಿನದ ತಂಬುಳಿಗೋ ಚಟ್ನಿಗೋ ಬೇಕಾದಷ್ಟನ್ನು ಮುರಿದುಕೊಳ್ಳಬಹುದು. ಆಗಿನ ಎಳೆಯ ಶುಂಠಿಯಲ್ಲಿ ನಾರು ಕಡಮೆ. ಒಣಶುಂಠಿ ಮಾಡಬೇಕೆಂದರೂ ಮುಂದಿನ ವರ್ಷಕ್ಕೆ ಬಿತ್ತನೆ ಉಳಿಸಬೇಕೆಂದರೂ ಎಂಟು ಒಂಬತ್ತು ತಿಂಗಳು ಕಾದು, ಎಲೆಗಳು ಹಳದಿಯಾಗಿ ಕಾಂಡಗಳು ಬಾಗಿ ಒಣಗಿದ ಮೇಲೆ ನೀರು ನಿಲ್ಲಿಸಿ ಅಗೆಯಬೇಕು. ಒಣಗುವಾಗ ಗೆಡ್ಡೆಯಲ್ಲಿನ ಜಿಂಜರಾಲ್ ಎಂಬ ದ್ರವ್ಯದ ಒಂದಂಶ ಅದಕ್ಕಿಂತ ಖಾರವಾದ ಶೊಗಾಲ್ ಆಗಿ ಪರಿಣಮಿಸುವುದರಿಂದಲೇ ಕಷಾಯದಲ್ಲಿ ಒಣಶುಂಠಿಯ ಘಾಟು ಹೆಚ್ಚು. ಬಿತ್ತನೆಗೆಂದು ತೆಗೆದಿಟ್ಟ ದಪ್ಪ ಗೆಡ್ಡೆಗಳನ್ನು ಒಣಮರಳಿನಲ್ಲಿ ಹೂತು, ನೆರಳಿನ ತಂಪಾದ ಮೂಲೆಯಲ್ಲಿರಿಸಿ, ತಿಂಗಳಿಗೊಮ್ಮೆ ಕೆದಕಿ ನೋಡಿ, ಮೆತ್ತಗಾದುದೊಂದು ಕಂಡರೂ ಒಡನೆಯೇ ತೆಗೆದುಹಾಕಬೇಕು.